ಮೂರನೆಯ ದಿನದ ರಕ್ತ

ಎಡಪ್ಪಾಡಿ,
೧೩-೧-೨೦೨೫, ಸೋಮವಾರ, ಭೋಗಿ

ಪ್ರೀತಿಯ ಮಗ ಧನಪಾಲನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಒಪ್ಪೊತ್ತಿನ ವ್ರತ ಅಂತ ಗೊತ್ತು, ಆ ಒಂದು ಹೊತ್ತಾದರೂ ಹೊಟ್ಟೆ ತುಂಬ ಉಣ್ಣು. ಗುಡಿಯ ಚಪ್ಪಡಿಯ ಮೇಲೆ ಮಲಗಿದರೆ ನಿನಗೆ ಮೂಗು ಕಟ್ಟುತ್ತದೆ, ಅದಕ್ಕೇ ನಿಮ್ಮಜ್ಜಿಯ ಕಂಬಳಿಯನ್ನು ಈ ಚೀಲದ ತಳದಲ್ಲಿ ಇಟ್ಟಿದ್ದೇನೆ. ಯಾರು ನಕ್ಕರೂ ಸರಿ, ಹೊದ್ದುಕೋ. ಚೌಡಮ್ಮನ ಹರಕೆಗೆ ಎದೆಗೆ ಕತ್ತಿ ಹಾಕಿಕೊಳ್ಳುವ ವೀರಕುಮಾರನಿಗೆ ಶೀತ ಆಗುವುದಿಲ್ಲ ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದೆಯಾ? ಕಾಲಿಗೆ ಕಲ್ಲು ಗಿಲ್ಲು ತಾಗಿಸಿಕೊಂಡೆಯಾ? ಮೈಮೇಲೆ ಎಲ್ಲಾದರೂ ನೀಲಿ ಕಟ್ಟಿದೆಯಾ? ಎದೆಯ ಮೇಲಿನ ಹೋದ ವರ್ಷದ ಗೆರೆಗಳು ಹೇಗಿವೆ, ಚಳಿಗೆ ಬಿರಿದಿಲ್ಲ ತಾನೇ? ಇದೇನು ಈ ಅಮ್ಮ ಪೊಲೀಸಿನವರ ಹಾಗೆ ಕೇಳುತ್ತಿದ್ದಾಳೆ ಅಂದುಕೊಳ್ಳಬೇಡ. ಕೇಳುವುದಕ್ಕೆ ಕಾರಣ ಇದೆ, ಮುಂದೆ ಬರೆಯುತ್ತೇನೆ.

ಇಲ್ಲಿ ನಾವು ಕ್ಷೇಮ, ಅಲ್ಲಿ ನಿನ್ನ ಕ್ಷೇಮಕ್ಕೆ ಬರೆ ಅಂತ ಕಾಗದ ಶುರು ಮಾಡಬೇಕೆಂದು ಕೊಳ್ಳೇಗಾಲದ ನಮ್ಮ ಮೇಷ್ಟ್ರು ಕಲಿಸಿದ್ದರು. ಸುಳ್ಳು ಬರೆಯಲು ಕೈ ಬರುತ್ತಿಲ್ಲ ಮಗನೇ. ಶನಿವಾರ ಸಂಜೆಯಿಂದ ನಿನ್ನ ಹತ್ತಿರ ಮಾತಾಡಲು ದಾರಿ ಹುಡುಕುತ್ತಿದ್ದೇನೆ. ನಿನ್ನ ಫೋನು ಮಗ್ಗದ ಪಕ್ಕದ ಗೂಡಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದೆ, ನೀನೇ ಇಟ್ಟು ಹೋದದ್ದು. ನಿನ್ನೆ ಗುಡಿಯಲ್ಲಿ ನಿನ್ನ ಜೊತೆಗಿರುವ ನಮ್ಮ ಕುಲದ ಯಜಮಾನರಿಗೆ ಫೋನ್ ಮಾಡಿ, ನಿನ್ನ ಹತ್ತಿರ ಎರಡು ಮಾತು ಆಡಬೇಕು, ಜೀವಕ್ಕೆ ಸಂಬಂಧಪಟ್ಟದ್ದು ಅಂದೆ. ಅವರು, "ಏ ತಾಯಿ, ಕೈಗೆ ಕಾಪಿನ್ ದಾರ ಕಟ್ಟಿದ್ ಮ್ಯಾಕೆ ಅವ್ನು ನಿನ್ ಮಗ ಅಲ್ಲ, ಅಮ್ಮನ್ ಮಗ. ಕತ್ತಿ ಇಳ್ಸೋ ಗಂಟ ಮನೆಯೋರ ಮಾತು ಕಿವಿಗ್ ಬೀಳಂಗಿಲ್ಲ" ಅಂದುಬಿಟ್ಟರು. ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳಿದೆ. "ಡಾಕ್ಟ್ರು ಸಾವ್ರ ಏಳ್ತಾರೆ" ಅಂತ ನಕ್ಕು ಫೋನ್ ಇಟ್ಟರು. ಹಾಗಾಗಿ ಕಾಗದ. ಮುರುಗೇಶನ್ ಪೂಜೆ ಸಾಮಾನಿನ ವ್ಯಾನನ್ನು ಮಧ್ಯಾಹ್ನ ಕಂಬೈನಲ್ಲೂರಿನ ಗುಡಿಗೆ ಹೊಡೆದುಕೊಂಡು ಬರುತ್ತಾನೆ, ಬಟ್ಟೆ ಚೀಲದ ಜೊತೆ ಇದನ್ನೂ ನಿನ್ನ ಕೈಗೇ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಬಾಯಲ್ಲಿ ಕನ್ನಡ ಆಡುವವರು ಬೇಕಾದಷ್ಟು ಜನ ಇದ್ದಾರೆ, ಓದುವವನು ನೀನೊಬ್ಬನೇ. ಬೇಸಿಗೆ ರಜೆಯಲ್ಲಿ ಕೊಳ್ಳೇಗಾಲದ ತಾತನ ಮನೆ ಜಗುಲಿಯ ಮೇಲೆ ಸ್ಲೇಟು ಕೊಟ್ಟು ಕೂರಿಸಿದರೆ, "ತಮಿಳ್ ಸಾಕು ಮ್ಮಾ" ಅಂತ ಅಳುತ್ತಿದ್ದೆಯಲ್ಲ, ಆ ಅಕ್ಷರ ಇವತ್ತು ಕೆಲಸಕ್ಕೆ ಬಂತು ನೋಡು. ಒತ್ತಕ್ಷರ ಬಂದ ಕಡೆ ನಿಂತು ನಿಧಾನವಾಗಿ ಓದು. ಪೂರ್ತಿ ಓದು.

ಅಜ್ಜಿ ಹಾಗೇ ಇದ್ದಾರೆ. ಹಾಸಿಗೆಯಿಂದ ಏಳಲು ಆಗುವುದಿಲ್ಲ, ಬಾಯಿ ಮಾತ್ರ ಬೀದಿಗೆಲ್ಲ ಕೇಳುತ್ತದೆ. ಅವರನ್ನು ಬಿಟ್ಟು ಬರಲಾರದೆ ತಾನೇ ನಾನು ಇಲ್ಲಿ ಕೂತಿರುವುದು, ಇಲ್ಲದಿದ್ದರೆ ನಿನ್ನೆಯೇ ಬಂದು ಗುಡಿಯ ಬಾಗಿಲಲ್ಲಿ ಅಡ್ಡ ಮಲಗುತ್ತಿದ್ದೆ. ಬೆಳಿಗ್ಗೆ ಬೀದಿಯಲ್ಲಿ ಹಳೆ ಚಾಪೆ ಪೊರಕೆ ಎಲ್ಲ ರಾಶಿ ಹಾಕಿ ಭೋಗಿ ಬೆಂಕಿ ಹಚ್ಚಿದರು. ಹೊಗೆಗೆ ಅಜ್ಜಿಗೆ ಕೆಮ್ಮು. ನಿನ್ನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇದೆ, ಬಟ್ಟೆ ಮುಚ್ಚಿದ್ದೇನೆ, ಬೆಕ್ಕು ಹತ್ತದ ಹಾಗೆ ಹಲಗೆಯನ್ನೂ ಅಡ್ಡ ಇಟ್ಟಿದ್ದೇನೆ.

ಈಗ ಶನಿವಾರದ ವಿಷಯ. ನಿಮ್ಮಪ್ಪನನ್ನು ಎದೆಯ ಪರೀಕ್ಷೆಗೆ ಸೇಲಂಗೆ ಕರೆದುಕೊಂಡು ಹೋಗಿದ್ದೆ. ತಮಿಳ್‌ಸೆಲ್ವಿ ಡಾಕ್ಟರಮ್ಮ ನೆನಪಿದ್ದಾರಲ್ಲ, ಆಷಾಢದ ಹೊತ್ತಿಗೆ, ಆಡಿ ತಿಂಗಳಲ್ಲಿ ನಿಮ್ಮಪ್ಪನಿಗೆ ಇಂಜೆಕ್ಷನ್ ಹಾಕಿ ಉಳಿಸಿದವರು. ಅವರು ನಿಮ್ಮಪ್ಪನ ಎದೆ ಚೆನ್ನಾಗಿದೆ ಅಂದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ, ನಿನ್ನ ರಕ್ತದ ರಿಪೋರ್ಟು ಚೆನ್ನೈಯಿಂದ ಬಂದಿದೆ ಅಂದರು. ಐಪ್ಪಸಿಯಲ್ಲಿ, ದೀಪಾವಳಿಯ ಹೊತ್ತಿಗೆ, ನಿನ್ನ ಕೈಯಿಂದ ರಕ್ತ ತೆಗೆದಿದ್ದರಲ್ಲ, ಮೊದಲು ಮಾಡಿದ ಪರೀಕ್ಷೆಯಲ್ಲಿ ಎಲ್ಲ ಸರಿ ಅಂತ ಬಂದಿತ್ತು, ನೀನು ನನ್ನನ್ನು ರೇಗಿಸಿದ್ದೆ. ಅವರಿಗೆ ಅದು ಒಪ್ಪಿಗೆಯಾಗದೆ ಬೇರೆ ಪರೀಕ್ಷೆಗೆ ಕಳಿಸಿದ್ದರಂತೆ. ಸಾಮಾನ್ಯ ಪರೀಕ್ಷೆಗೆ ಸಿಗದ ಕಾಯಿಲೆ ಅದು. "ಬಯಪ್ಪಡಾದೀಂಗಮ್ಮಾ" ಅಂತ ಶುರು ಮಾಡಿದರು. ಹೆದರಬೇಡಿ ಅಂತ ಡಾಕ್ಟರು ಮೊದಲೇ ಹೇಳಿದರೆ ಹೆದರುವಂಥದ್ದು ಏನೋ ಇದೆ ಅಂತಲೇ ಅರ್ಥ ಅಲ್ಲವಾ?

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ಅವಸರ ಮಾಡದೆ ಓದು. ಮೈಯಲ್ಲಿ ಎಲ್ಲಾದರೂ ಕೊಯ್ದರೆ ರಕ್ತ ತಾನೇ ಅಲ್ಲಿ ಒಂದು ಬಟ್ಟೆ ನೇಯುತ್ತದಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಬಟ್ಟೆ. ಅದಕ್ಕೆ ಸಿಕ್ಕಿಕೊಂಡು ರಕ್ತ ಹೆಪ್ಪುಗಟ್ಟಿ ಗಾಯದ ಬಾಯಿ ಮುಚ್ಚುತ್ತದೆ. "ನೀವು ನೇಯುವ ಜನ, ನಿಮಗೆ ಬೇಗ ಅರ್ಥ ಆಗುತ್ತದೆ" ಅಂದರು. ಗಾಯ ಮಾಗಿದ ಮೇಲೆ ಆ ಬಟ್ಟೆಯನ್ನು ಬಿಚ್ಚಿ ತೆಗೆಯಬೇಕು, ಇಲ್ಲದಿದ್ದರೆ ನಾಳಗಳೆಲ್ಲ ಕಟ್ಟಿಹೋಗುತ್ತವೆ. ಬಿಚ್ಚುವುದಕ್ಕೆ ರಕ್ತದಲ್ಲೇ ಒಂದು ಕಿಣ್ವ ಇದೆ, ಪ್ಲಾಸ್ಮಿನ್ ಅಂತ ಹೆಸರು. ಯಾವುದೋ ಬಟ್ಟೆ ಸೋಪಿನ ಹೆಸರಿನ ಹಾಗಿದೆ ಅಂದುಕೊಂಡೆ ಆ ಭಯದಲ್ಲೂ. ಅದು ಸದಾ ನಿದ್ದೆಯಲ್ಲಿರುತ್ತದೆ, ಬೇಕಾದಾಗ ಎದ್ದು ಬೇಕಾದಷ್ಟೇ ಬಿಚ್ಚಿ ಮತ್ತೆ ಅಡಗುತ್ತದೆ. ಅದೇ ಇಲ್ಲದೆ ಹುಟ್ಟುವ ಮಕ್ಕಳೂ ಎಲ್ಲೋ ಅಪರೂಪಕ್ಕೆ ಇರುತ್ತಾರಂತೆ. ಅವರ ಕಣ್ಣುರೆಪ್ಪೆಯ ಒಳಗೆ ಮರದ ಚಕ್ಕೆಯ ಹಾಗೆ ಗಟ್ಟಿಯಾದ ಪೊರೆ ಬೆಳೆಯುತ್ತದಂತೆ, ತೆಗೆದರೂ ಮತ್ತೆ ಬೆಳೆಯುತ್ತದೆ. ಅಂದರೆ ಅದು ಕೆಟ್ಟದ್ದಲ್ಲ, ಬೇಕೇ ಬೇಕಾದದ್ದು. ಆದರೆ ಅಳತೆಯಲ್ಲಿ ಇರಬೇಕು.

ಆಡಿಯಲ್ಲಿ ನಿಮ್ಮಪ್ಪ ಮಗ್ಗದ ಗುಂಡಿಯಿಂದ ಮೇಲೆ ಹತ್ತಲಾರದೆ ಎದೆ ಹಿಡಿದುಕೊಂಡು ಬೆವರಿದರಲ್ಲ, ಆಗ ಹೃದಯದ ನಾಳದಲ್ಲಿ ಬೇಡದ ಜಾಗದಲ್ಲಿ ರಕ್ತ ಆ ಬಟ್ಟೆ ನೇಯ್ದು ಕೂತಿತ್ತು. ಇಂಜೆಕ್ಷನ್ ಹಾಕಿದ್ದು ಮಲಗಿದ ಆ ಪ್ಲಾಸ್ಮಿನ್ನನ್ನು ಎಬ್ಬಿಸುವುದಕ್ಕೆ. ಹಾಕುವ ಮುಂಚೆ ಅಂಗಿ ಬಿಚ್ಚಿ ನಿಮ್ಮಪ್ಪನ ಎದೆ ನೋಡಿ ಡಾಕ್ಟರಮ್ಮ ಬೆಚ್ಚಿಬಿದ್ದದ್ದು ನೆನಪಿದೆಯಾ? ಎದೆ ತುಂಬ ಅಡ್ಡಡ್ಡ ಗೆರೆ. "ಇದೇನು, ಆಕ್ಸಿಡೆಂಟಾ?" ಅಂತ ಕೇಳಿದರು. ನೀನು, ದೇವಿಗೆ ಕತ್ತಿ ಹಾಕಿಕೊಂಡದ್ದು ಅಂದೆ. "ಯಾವಾಗ? ಈ ತಿಂಗಳಾ? ಸರಿಯಾಗಿ ಹೇಳು" ಅಂತ ಕೂಗಿದರು. ನಮಗೆ ಆಗ ಯಾಕೆ ಕೂಗುತ್ತಾರೆ ಅಂತ ತಿಳಿಯಲಿಲ್ಲ. ಆ ಮದ್ದಿಗೆ ಕಣ್ಣಿಲ್ಲವಂತೆ ಮಗನೇ. ಹೃದಯದ ಹೆಪ್ಪು ಯಾವುದು, ಎದೆಯ ಗಾಯದ ಹೆಪ್ಪು ಯಾವುದು ಅಂತ ನೋಡದೆ ಎಲ್ಲವನ್ನೂ ಬಿಚ್ಚಿಬಿಡುತ್ತದೆ. ನಿಮ್ಮಪ್ಪ ಕತ್ತಿ ಬಿಟ್ಟು ಎಷ್ಟೋ ವರ್ಷ ಆಗಿದ್ದರಿಂದ ಉಳಿದರು. ಆದರೂ ಆ ಸಂಜೆ ಅವರ ವಸಡಿನಿಂದ ರಕ್ತ ಜಿನುಗಿದ್ದನ್ನು, ಸೂಜಿ ಚುಚ್ಚಿದ ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದನ್ನು ನೀನೇ ನೋಡಿದ್ದೀಯ.

ನಮ್ಮ ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇದೆಯಾ ಅಂತ ಆಗ ಕೇಳಿದ್ದರು. ನಿಲ್ಲುತ್ತದೆ, ಆದರೆ ನನ್ನ ಮಗನಿಗೆ ಮೂರನೆಯ ದಿನ ಮತ್ತೆ ಬರುತ್ತದೆ ಅಂದಿದ್ದೆ. ಆ ಒಂದು ಮಾತನ್ನು ಹಿಡಿದುಕೊಂಡೇ ಅವರು ನಿನ್ನ ರಕ್ತ ಕಳಿಸಿದ್ದು. ಎದ್ದ ಪ್ಲಾಸ್ಮಿನ್ನನ್ನು ಹಿಡಿದು ಕೂರಿಸುವ ಇನ್ನೊಂದು ವಸ್ತು ರಕ್ತದಲ್ಲಿರುತ್ತದಂತೆ, ಅದು ನಿನಗೆ ಬಹಳ ಕಡಿಮೆ ಇದೆ. ಹಾಗಾಗಿ ನಿನ್ನ ಗಾಯ ಎಲ್ಲರ ಹಾಗೇ ಮುಚ್ಚುತ್ತದೆ, ನೋಡಿದವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಒಳಗೆ ಆ ಪ್ಲಾಸ್ಮಿನ್ ಹೇಳುವವರು ಕೇಳುವವರು ಇಲ್ಲದೆ ನೇಯ್ದದ್ದನ್ನೆಲ್ಲ ಬಿಚ್ಚುತ್ತಿರುತ್ತದೆ. ಒಂದೆರಡು ದಿನದ ಮೇಲೆ ಗಾಯ ಬಾಯಿ ಬಿಡುತ್ತದೆ. ನೀವಿಬ್ಬರೂ ಸಂಬಂಧದಲ್ಲೇ ಮದುವೆಯಾದವರಾ ಅಂತ ಕೇಳಿದರು. ಹೌದು, ನಾನು ಅವರ ಸೋದರಮಾವನ ಮಗಳು ಅಂದೆ. ತಲೆಯಾಡಿಸಿದರು. ಅರ್ಧ ಕೊರತೆ ನನ್ನಲ್ಲಿ, ಅರ್ಧ ಅವರಲ್ಲಿ ಇರಬೇಕು, ಎರಡೂ ಸೇರಿ ನಿನಗೆ ಬಂದಿದೆ ಅಂದರು.

ನಾನು ಬಸ್ಸಿನಲ್ಲಿ ಬರುವಾಗ ಒಂದೊಂದನ್ನೇ ನೆನೆಸಿಕೊಂಡೆ. ನಿನ್ನ ಹೊಕ್ಕುಳ ಬಳ್ಳಿ ಉದುರಿದ ಮೇಲೆ ತೊಟ್ಟಿಲ ಬಟ್ಟೆ ಕೆಂಪಾದದ್ದು. ಕಿವಿ ಚುಚ್ಚಿಸಿ, ಎಲ್ಲರಿಗೂ ಊಟ ಹಾಕಿ ಕಳಿಸಿ, ಮನೆ ತೊಳೆದು ಮುಗಿಸಿದ ಮೇಲೆ ನಿನ್ನ ಕಿವಿ ಸೋರಿದ್ದು. ಹಾಲುಹಲ್ಲು ಬಿದ್ದ ಜಾಗ. ಪ್ರತಿ ಸಲವೂ ಅಜ್ಜಿ, "ಕಣ್ ತಾಕೈತೆ ಮಗೀಗೆ" ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಊರೆಲ್ಲ ಕೆಮ್ಮುವಷ್ಟು ಮೆಣಸಿನಕಾಯಿ ಸುಟ್ಟಿದ್ದೇವೆ ನಿನಗೆ.

ಹೋದ ಪೊಂಗಲಿನದು ನೀನು ಮರೆತಿರಲಾರೆ. ಮೊದಲ ಸಲ ಕತ್ತಿ ಹಿಡಿದೆ. "ತಕ್ಕೋ ತಾಯೇ, ತಕ್ಕೋ" ಅಂತ ಎಲ್ಲರೂ ಕೂಗುತ್ತಿದ್ದರು, ನೀನು ಕುಣಿಯುತ್ತಾ ಎದೆಗೆ ಹಾಕಿಕೊಂಡೆ. ಗಾಯಕ್ಕೆ ಭಂಡಾರ ಮೆತ್ತಿದರು, ರಕ್ತ ನಿಂತಿತು, ಮಾರನೆಯ ದಿನ ಬಾಳೆಲೆ ತುಂಬ ಉಂಡು ಮಲಗಿದೆ. ಮೂರನೆಯ ದಿನ ಮಗ್ಗದಲ್ಲಿ ಕೂತಿದ್ದವನ ಬನಿಯನ್ ಎದೆಗೆ ಅಂಟಿಕೊಂಡಿತ್ತು. "ನೋವೇ ಇಲ್ಲ ಮ್ಮಾ, ಸುಮ್ಮ ಒದ್ದೆ ಐತೆ" ಅಂದೆ. ಒದ್ದೆಯಾ ಅದು? ಮಣೆಯ ಮೇಲೆಲ್ಲ ತೊಟ್ಟಿಕ್ಕಿತ್ತು. ಯಜಮಾನರು ಓಡಿ ಬಂದರು, ನೋಡಿದರು, ಕೈ ಮುಗಿದರು. "ಇಷ್ಟ್ ವರ್ಸುದಲ್ಲಿ ಇಂಗ್ ಆಗಿರ್ನಿಲ್ಲ ಕಣ್ಲಾ. ಅಮ್ಮ ಸಾಲ್ದು ಅಂತ ಮತ್ತೆ ಬಂದು ಕೇಳವ್ಳೆ. ಇವ್ನ ಆರಿಸ್ಕೊಂಡವ್ಳೆ" ಅಂದರು. ಬೀದಿಯ ಹೆಂಗಸರು ಆರತಿ ತಂದರು. ನೀನು ತಲೆ ಸುತ್ತಿ ಗೋಡೆಗೆ ಒರಗಿದ್ದನ್ನು ತಾಯಿ ಮೈಮೇಲೆ ಬಂದದ್ದು ಅಂದರು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅಂತ ನಾನೂ ತಲೆಯೆತ್ತಿ ನಡೆದೆ. ಆ ಮೂರನೆಯ ದಿನದ ರಕ್ತಕ್ಕೇ ತಾನೇ ನಿನ್ನನ್ನು ಈ ವರ್ಷ ಎಲ್ಲರಿಗಿಂತ ಮುಂದೆ ನಿಲ್ಲಿಸಿರುವುದು. ಮುಂದೆ ನಿಂತವನು ಮೊದಲು ಹಾಕಿಕೊಳ್ಳಬೇಕು, ತಾಯಿ ಬರುವ ತನಕ ನಿಲ್ಲಿಸಬಾರದು. ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಹೋದ ಸಲ ಗಾಯ ಆಳವಾಗಿರಲಿಲ್ಲ, ಅದೃಷ್ಟ. ಈ ಸಲ ಆಳವಾದರೆ, ಅದೂ ದೊಡ್ಡಾಸ್ಪತ್ರೆಯಿಂದ ಅಷ್ಟು ದೂರದಲ್ಲಿ, ನಾನು ಏನೂ ಹೇಳಲಾರೆ" ಅಂದರು. ಒಳಗೆ ಎಲ್ಲಾದರೂ, ತಲೆಯಲ್ಲೋ ಹೊಟ್ಟೆಯಲ್ಲೋ ಸೋರಿದರೆ ಹೊರಗೆ ಕಾಣಿಸುವುದೂ ಇಲ್ಲವಂತೆ.

ಒಂದೇ ವಸ್ತು ಮಗನೇ. ನಿಮ್ಮಪ್ಪನನ್ನು ಎಬ್ಬಿಸಿ ಕೂರಿಸಿದ್ದೂ ಅದೇ, ನಿನ್ನ ಬನಿಯನ್ ತೋಯಿಸಿದ್ದೂ ಅದೇ. ಒಂದೇ ಮನೆಯಲ್ಲಿ ಒಬ್ಬರಿಗೆ ಸೂಜಿಯಲ್ಲಿ ಹಾಕಿ ಎಬ್ಬಿಸಿದ್ದನ್ನು ಇನ್ನೊಬ್ಬನಿಗೆ ಮಾತ್ರೆ ಕೊಟ್ಟು ಹಿಡಿದಿಡಬೇಕಂತೆ. ನನ್ನ ತಲೆ ಕೆಟ್ಟುಹೋಗಿದೆ. ರಾತ್ರಿ ಕಣ್ಣು ಮುಚ್ಚಿದರೆ ನೀನು ಎರಡು ಕೈಯಲ್ಲೂ ಕತ್ತಿ ಹಿಡಿದು ನಗುತ್ತಾ ನಿಂತಿರುತ್ತೀಯ, ನಾನು ಕೂಗಿದರೆ ಧ್ವನಿಯೇ ಬರುವುದಿಲ್ಲ.

ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಆಸ್ಪತ್ರೆಯ ಬಾಗಿಲ ಹೊರಗೆ ನಿಂತು, ಅಪ್ಪ ಉಳಿದರೆ ಈ ಪೊಂಗಲಿಗೆ ಎರಡು ಕೈಯಲ್ಲೂ ಕತ್ತಿ ಹಿಡಿಯುತ್ತೇನೆ ಅಂತ ಹರಕೆ ಕಟ್ಟಿಕೊಂಡೆ. ಅಪ್ಪ ಉಳಿದರು. ಈಗ ಹಿಂದೆ ಸರಿದರೆ ಅಪ್ಪನಿಗೆ ಏನಾದರೂ ಆಗುತ್ತದೆ ಅಂತ ನಿನಗೆ ಭಯ. ನನಗೆ ಮಾತ್ರ ಭಯ ಇಲ್ಲವಾ? ನಾನೂ ಚೌಡಮ್ಮನ ಮನೆಯವಳೇ, ಹುಟ್ಟಿದಾಗಿನಿಂದ ಅವಳಿಗೆ ದೀಪ ಹಚ್ಚಿದವಳೇ. ನಿನ್ನ ಕತ್ತಿ ನಿಲ್ಲಿಸಿದರೆ ಅವಳು ನನ್ನ ತಾಳಿಗೆ ಕೈ ಹಾಕುತ್ತಾಳೇನೋ ಅಂತ ನಿನ್ನೆ ಪೂಜೆಯ ಹೊತ್ತಿಗೆ ಅನಿಸಿತು. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ. ಆದರೆ ಯೋಚನೆ ಮಾಡಿ ಮಾಡಿ ಒಂದು ಮಾತಿಗೆ ಬಂದಿದ್ದೇನೆ. ಅವಳೂ ತಾಯಿ. ಮಗನ ರಕ್ತ ನಿಲ್ಲುವುದಿಲ್ಲ ಅಂತ ತಿಳಿದ ಮೇಲೂ ಇನ್ನೂ ತಾ ಅನ್ನುವವಳು ತಾಯಿ ಆಗಿರಲು ಸಾಧ್ಯವಿಲ್ಲ. ಹೋದ ವರ್ಷ ಅವಳು ಮತ್ತೆ ಬಂದು ಕೇಳಿದಳು ಅನ್ನುವುದು ನಾವು ಕಟ್ಟಿಕೊಂಡ ಮಾತು. ಅವಳು ಏನಾದರೂ ಹೇಳಿದ್ದರೆ, ಇವನನ್ನು ಬಿಡಿ, ಇವನ ಮೈ ಸರಿ ಇಲ್ಲ ಅಂತ ಹೇಳಿರಬೇಕು. ನಾವು ಆರತಿ ಎತ್ತಿದೆವು.

ನಾವು ದೇವರ ಮೈ ಮುಚ್ಚಲು ಬಟ್ಟೆ ನೇಯುವುದಕ್ಕೆ ಹುಟ್ಟಿದ ಜನ ಅಂತ ಅಜ್ಜಿ ನಿನಗೆ ಕಥೆ ಹೇಳಿಲ್ಲವಾ? ಹರಕೆಯನ್ನು ಹಾಗೆ ತೀರಿಸು. ಮಗ್ಗದ ಮೇಲಿರುವುದನ್ನು ಮುಗಿಸಿ, ಹೊಸ ಹಾಸು ಹೂಡಿ, ಅವಳಿಗೆ ಅಂತಲೇ ಒಂದು ಕೆಂಪು ಸೀರೆ ನೇಯಿ, ಮಡಿಯಲ್ಲಿ, ಒಪ್ಪೊತ್ತು ಉಂಡುಕೊಂಡೇ ನೇಯಿ, ನಾನೂ ನಿನ್ನ ಜೊತೆ ಉಪವಾಸ ಇರುತ್ತೇನೆ. ಯಜಮಾನರು ಹೇಡಿ ಅಂದರೆ ಅನ್ನಲಿ. ಹೆಂಗಸಿನ ಮಾತು ಕೇಳುವವನು ಅಂದರೂ ಅನ್ನಲಿ. ಬೀದಿಯವರು ನಾಲ್ಕು ದಿನ ಆಡಿ ಸುಮ್ಮನಾಗುತ್ತಾರೆ, ಆಡುವವರ ಬಾಯಿಗೆ ಬೀಗ ಇಲ್ಲ. ನೀನು ಕಣ್ಣಮುಂದೆ ಇದ್ದರೆ ನಾನು ಯಾರ ಮಾತನ್ನೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ನೀನು ಸಿಟ್ಟು ಮಾಡಿಕೊಂಡು ನನ್ನ ಹತ್ತಿರ ಮಾತು ಬಿಟ್ಟರೂ ಪರವಾಗಿಲ್ಲ, ಮಾತು ಬಿಟ್ಟ ಮಗ ಮನೆಯಲ್ಲಿ ಇದ್ದರೆ ಸಾಕು.

ನಿಮ್ಮಪ್ಪನಿಗೂ ಇದೆಲ್ಲ ಗೊತ್ತು, ಶನಿವಾರ ಪಕ್ಕದಲ್ಲೇ ಕೂತು ಕೇಳಿದರು. ಮನೆಗೆ ಬಂದು ನಿನ್ನ ಮಗ್ಗದ ಮುಂದೆ ಬಹಳ ಹೊತ್ತು ಕೂತಿದ್ದು, "ಅರಕೆ ಯಾರ್ ಜೀವುಕ್ ಕಟ್ಟಿದ್ದು? ನನ್ ಜೀವುಕ್ ತಾನೆ? ಅಂಗಾರೆ ತೀರ್ಸೋನೂ ನಾನೇ" ಅಂದರು. ನಾನು ಬೈದೆ. ಎದೆಗೆ ಅಂತ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಗಡ್ಡ ಕೆರೆಯುವಾಗ ಗೀರಿದರೂ ಟವಲ್ ಒದ್ದೆ ಮಾಡಿಕೊಳ್ಳುವವರು, ಕತ್ತಿಯ ಮಾತಾಡುತ್ತೀರಾ ಅಂತ. ಇವತ್ತು ಬೆಳಿಗ್ಗೆ ಇಡ್ಲಿ ತಿಂದು, ಅಜ್ಜಿಯ ಕಾಲು ಒತ್ತಿ, ಟೀ ಅಂಗಡಿಗೆ ಹೋಗಿ ಬರುತ್ತೇನೆ ಅಂತ ಹೋಗಿದ್ದಾರೆ. ಅವರು ಇಲ್ಲದ ಹೊತ್ತು ನೋಡಿಯೇ ಇದನ್ನು ಬರೆಯುತ್ತಿದ್ದೇನೆ, ಇದ್ದರೆ ಪೆನ್ನು ನಿಲ್ಲುತ್ತದೆ.

ಚೀಲದಲ್ಲಿ ಹಳದಿ ಕವರಿನಲ್ಲಿ ಮಾತ್ರೆ ಇದೆ. ಅದು ನಿನ್ನ ಪ್ಲಾಸ್ಮಿನ್ನನ್ನು ಹಿಡಿದಿಡುವ ಮಾತ್ರೆ, ಏನಾದರೂ ಗಾಯವಾದರೆ ತಕ್ಷಣ ನುಂಗಬೇಕು, ಹೇಗೆ ಅಂತ ಡಾಕ್ಟರಮ್ಮ ತಮಿಳಿನಲ್ಲಿ ಕವರಿನ ಮೇಲೆ ಬರೆದಿದ್ದಾರೆ. ಆಮೇಲೆ ಆಸ್ಪತ್ರೆಗೂ ಹೋಗಲೇಬೇಕು. ಮಾತ್ರೆ ಇದೆಯಲ್ಲ ಅಂತ ಕತ್ತಿಗೆ ಧೈರ್ಯ ಮಾಡಬೇಡ, ದೊಡ್ಡ ಗಾಯಕ್ಕೆ ಅದು ಸಾಲುವುದಿಲ್ಲ ಅಂತ ಅವರು ನನ್ನ ಕೈ ಹಿಡಿದು ಹೇಳಿದ್ದಾರೆ. ಇನ್ನೊಂದು, ಅದು ನಿನಗೆ ಮದ್ದು, ನಿಮ್ಮಪ್ಪನಿಗೆ ವಿಷ ಇದ್ದ ಹಾಗೆ. ಅವರ ನಾಳ ಮತ್ತೆ ಕಟ್ಟಿಕೊಳ್ಳಬಹುದು. ಮನೆಯಲ್ಲಿ ಇಬ್ಬರ ಮಾತ್ರೆಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ, ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದೇನೆ.

ನಾಳೆ ಪೊಂಗಲ್, ಕತ್ತಿ ಶುರುವಾಗುವ ಮೊದಲೇ, ಸೂರ್ಯ ಹುಟ್ಟುವ ಮುಂಚೆ ನೀನು ಕಾಪು ಬಿಚ್ಚಿಸಿಕೊಂಡು ಮೊದಲ ಬಸ್ಸು ಹತ್ತಬೇಕು ಅನ್ನುವುದು ನನ್ನ ಆಸೆ. ಆಸೆ ಅಲ್ಲ, ಬೇಡಿಕೊಳ್ಳುತ್ತಿದ್ದೇನೆ. ಪೊಂಗಲ್ ಪಾತ್ರೆ ನೀನು ಬಂದ ಮೇಲೆ ಒಲೆಗೆ ಇಡುತ್ತೇನೆ. ಅಲ್ಲಿ ನಮ್ಮವರಿಗೆಲ್ಲ ನನ್ನ ನಮಸ್ಕಾರ ಹೇಳು, ಯಜಮಾನರಿಗೂ ಹೇಳು, ಅವರ ಮೇಲೆ ನನಗೆ ದ್ವೇಷ ಇಲ್ಲ. ಅಜ್ಜಿ ನಿನ್ನ ತಲೆಯ ಮೇಲೆ ಕೈಯಿಟ್ಟ ಹಾಗೆ ತಿಳಿದುಕೋ ಅಂತ ಹೇಳಿದ್ದಾರೆ. ಚೌಡಮ್ಮ ನಿನ್ನನ್ನು ಕಣ್ಣಲ್ಲಿಟ್ಟು ಕಾಯಲಿ, ನೂರು ವರ್ಷ ಮಗ್ಗ ಆಡಿಸು.

ನಿನ್ನ ಅಮ್ಮ,
ಶಶಿಕಲಾ

ತಾ.ಕ.: ಧನಪಾಲಾ, ಮುರುಗೇಶನ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ನಿಲ್ಲಿಸಿದ್ದೇನೆ. ಪಕ್ಕದ ಮನೆ ಚೆಲ್ಲಮ್ಮ ಈಗ ಬಂದು ಹೇಳಿದಳು, ನಿಮ್ಮಪ್ಪ ಟೀ ಅಂಗಡಿಯಲ್ಲಿ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸೇಲಂ ಬಸ್ ಹತ್ತಿದ್ದನ್ನು ನೋಡಿದಳಂತೆ, ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಉದ್ದಕ್ಕೆ ಏನೋ ಸುತ್ತಿಕೊಂಡು. ಓಡಿಹೋಗಿ ದೇವರ ಗೂಡು ನೋಡಿದೆ. ಅವರ ಹಳೆಯ ಕತ್ತಿ ಇಲ್ಲ. ನಿನ್ನ ಬದಲು ಹಾಕಿಕೊಳ್ಳಲು ಸೇಲಂ ಮೇಲೆ ಅಲ್ಲಿಗೇ ಬರುತ್ತಿದ್ದಾರೆ. ಫೋನು ಆಫ್ ಮಾಡಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆಯನ್ನು ಬೆಳಿಗ್ಗೆ ನಾನೇ ಕೈಯಾರೆ ಕೊಟ್ಟೆ, ಅವರು ಬೇಡ ಅನ್ನದೆ ನುಂಗಿದರು, ಒಂದು ಗೀರು ಬಿದ್ದರೂ ನಿಲ್ಲುವುದಿಲ್ಲ. ಯಜಮಾನರಿಗೆ ಹೇಳಿದರೆ ಹಳೇ ವೀರಕುಮಾರ ಬಂದ ಅಂತ ಮೇಳ ಬಾರಿಸುತ್ತಾರೆ, ಅವರಿಗೆ ಹೇಳಬೇಡ. ಪೂಜೆ ಸಾಮಾನಿನ ವ್ಯಾನಿಗೆ ಹೆಂಗಸರನ್ನು ಹತ್ತಿಸುವುದಿಲ್ಲವಂತೆ. ಅಜ್ಜಿಯ ಹತ್ತಿರ ಚೆಲ್ಲಮ್ಮನನ್ನು ಕೂರಿಸಿ ಮುಂದಿನ ಬಸ್ಸಿಗೆ ಬರುತ್ತಿದ್ದೇನೆ. ಹಳದಿ ಕವರಿನ ಮಾತ್ರೆ ಅವರಿಗೆ ಕೊಡಬೇಡ, ಮರೆಯಬೇಡ. ಅವರನ್ನು ಕಂಡ ತಕ್ಷಣ ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೋ. ಯಾರು ಏನೇ ಕೂಗಲಿ, ಎಷ್ಟೇ ಬಾರಿಸಲಿ, ನಾನು ಬರುವ ತನಕ ಬಿಡಬೇಡ. ನಿನ್ನ ಕೈ ಅವರ ಕೈಯನ್ನು ಹಿಡಿದಿದ್ದರೆ ನಿನ್ನ ಕೈಯಲ್ಲೂ ಕತ್ತಿ ಇರುವುದಿಲ್ಲ.